ಕಾಲು ಚಾಚಿ ಮಲಗಿದ ಮಧ್ಯಾಹ್ನ

ಆವತ್ತು ಆಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಮೇಜಿನ ಆಚೆ ಲೇಡಿ ಡಾಕ್ಟರು. ಈಚೆ ಸ್ಟೂಲಿನ ಮೇಲೆ ಹೊಟ್ಟೆ ಹೊತ್ತುಕೊಂಡು ನಾನು. ನನ್ನ ಹಿಂದೆ ಗೋಡೆಗೆ ಒರಗಿ ನಮ್ಮ ಅತ್ತೆ, ಸೊಂಟದಲ್ಲಿ ಎಲೆ ಅಡಿಕೆಯ ಚೀಲ. ಬಾಗಿಲ ಬಳಿ ಪಕ್ಕದ ಮನೆಯ ಕನ್ನಿಯಕ್ಕ. ಅವಳಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಆದರೆ ಊರಿಗಾಂ ಚಿನ್ನದ ಗಣಿಯವರ ಸಾಲುಮನೆಗಳ ನಮ್ಮ ಲೈನಿನಲ್ಲಿ ಒಬ್ಬಳು ಆಸ್ಪತ್ರೆಗೆ ಹೊರಟರೆ ಇನ್ನೊಬ್ಬಳು ಒಲೆ ಆರಿಸಿ ಜೊತೆಗೆ ಹೊರಡುವುದು ವಾಡಿಕೆ.

ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿದರು. ರಬ್ಬರಿನ ಬುರುಡೆ ಒತ್ತಿ, ಪಾದರಸ ಇಳಿಯುವುದನ್ನು ನೋಡಿದರು. ಮತ್ತೊಂದು ಸಲ ನೋಡಿದರು. ಆಮೇಲೆ ಬಗ್ಗಿ ನನ್ನ ಕಣಕಾಲಿನ ಮೇಲೆ ಹೆಬ್ಬೆರಳು ಊರಿ ತೆಗೆದರು. ಬೆರಳು ಹೋದರೂ ಗುಳಿ ಹೋಗಲಿಲ್ಲ.

"ನಿದ್ದೆ ಹೇಗಿದೆಯಮ್ಮ?"

"ಇಲ್ಲ."

"ಇಲ್ಲ ಅಂದರೆ, ಕಡಿಮೆಯೋ?"

"ಇಲ್ಲವೇ ಇಲ್ಲ ಡಾಕ್ಟರಮ್ಮ."

ಬಾಗಿಲಿಂದ ಕನ್ನಿಯಕ್ಕ ಸಾಕ್ಷಿ ನುಡಿದಳು. "ನಿಜ ಡಾಕ್ಟರಮ್ಮ. ನಾನು ನೀರಿಗೆ ಎದ್ದಾಗ ನೋಡ್ತೀನಿ, ಈ ಕಣ್ಣು ಗೋಡೆಗೆ ಒರಗ್ಕೊಂಡು ಗೂಬೆ ತರ ಕುಂತಿರತ್ತೆ." ಕಣ್ಣು ಎಂದರೆ ನಾನು. ತಮಿಳಿನವರು ಮುದ್ದಿಗೆ ಹಾಗೆ ಕರೆಯುತ್ತಾರೆ. ಮುದ್ದಿನ ಜೊತೆಗೇ ಗೂಬೆ ಎಂದೂ ಅಂದಳಲ್ಲ, ಅದು ಕನ್ನಿಯಕ್ಕ.

ಡಾಕ್ಟರು ನಗಲಿಲ್ಲ. "ಬಿ.ಪಿ. ಏರಿದೆ. ಉಪ್ಪು ಬಿಡಬೇಕು, ಕಾಲು ನೀಡಿ ಮಲಗಬೇಕು, ನಿದ್ದೆ ಮಾಡಬೇಕು. ಇನ್ನೂ ಏರಿದರೆ ವಾರ್ಡಿಗೆ ಸೇರಿಸ್ಕೋತೀನಿ. ಅಲ್ಲೂ ಏರ್ತಾ ಹೋದರೆ ಮಗುವಿಗೆ ಕಷ್ಟ. ನಿಮ್ಮ ಹಿಂದಿನ ಹೆರಿಗೆ..." ಎಂದು ಚೀಟಿ ನೋಡಿ, ಮಾತು ನಿಲ್ಲಿಸಿದರು.

ಹಿಂದಿನ ಹೆರಿಗೆಯ ಮಗು ಅಳಲೇ ಇಲ್ಲ.

ಅದು ಗಂಡು. ನನ್ನ ತವರಿನಲ್ಲಿ, ಬಂಗಾರಪೇಟೆಗೆ ಹತ್ತಿರದ ಹಳ್ಳಿಯಲ್ಲಿ ಹುಟ್ಟಿತು. ಹುಟ್ಟಿತು ಎನ್ನಬಹುದೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆಗಲೂ ಕಾಲು ಹೀಗೇ ಊದಿತ್ತು. ಬಸುರಿಗೆ ಕಾಲು ಊದುವುದು ಸಹಜ ಎಂದು ಎಲ್ಲರೂ ಅಂದರು, ನಾನೂ ನಂಬಿದೆ. ಈ ಸಲ ಹಾಗೆ ಅನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮನೆ ಸೇರಿದ ಮೇಲೆ ಅತ್ತೆ ಹೇಳಿದರು, "ಉಪ್ಪು ಬಿಡಿಸ್ಬೋದು. ನಿದ್ದೆ ಎಲ್ಲಿಂದ ತರಾದು?"

ಕಾಲು ನೀಡುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಏಕೆಂದರೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಗಂಡಸು ಭೂಮಿಯ ಒಳಗಿರುವಾಗ ಹೆಂಗಸು ಕಾಲು ಚಾಚಿ ಮಲಗಬಾರದು. ಅತ್ತೆಗೆ ಅವರ ಅತ್ತೆ ಹೇಳಿದ್ದು, ನನಗೆ ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಹೇಳಿದ್ದು. ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಮಿಕ್ಕಂತೆ ಅವರು ಮಾಡುವುದನ್ನು ನೋಡಿ ಕಲಿತೆ. ಲೈನಿನ ಎಲ್ಲ ಮನೆಯಲ್ಲೂ ಇದೇ ಕಟ್ಟಳೆ ಎಂದಲ್ಲ. ಗಂಡ ಇಳಿದ ಮೇಲೆ ಕನ್ನಿಯಕ್ಕ ಕಸ ಗುಡಿಸುತ್ತಿರಲಿಲ್ಲ. ಅದರಾಚೆಯ ಮನೆಯಾಕೆ ತಲೆ ಬಾಚುತ್ತಿರಲಿಲ್ಲ. ಒಂದೊಂದು ಮನೆಗೆ ಒಂದೊಂದು. ಭೂಮಿಯೊಳಗೆ ಇಳಿದವನಿಗೆ ಮೇಲಿದ್ದವಳು ಬೇರೆ ಏನು ತಾನೇ ಮಾಡಿಕೊಡಬಲ್ಲಳು?

ನಮ್ಮ ಮನೆಯವರದು ಮರದ ಕೆಲಸದ ಗ್ಯಾಂಗು. ಕೊರೆದ ಜಾಗದಲ್ಲಿ ಮೇಲಿನ ಬಂಡೆ ಕುಸಿಯದಂತೆ ದಿಮ್ಮಿ ಕೊಟ್ಟು ನಿಲ್ಲಿಸಬೇಕು. ಒಂದು ವಾರ ಹಗಲು ಶಿಫ್ಟು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಅವರು ಒಳಗಿದ್ದಷ್ಟು ಹೊತ್ತು ನಾನು ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಿಸಿ ಕೂತು ತೂಕಡಿಸುತ್ತಿದ್ದೆ. ಮೊದಲೆಲ್ಲ ಅದೇ ಸಾಕಾಗುತ್ತಿತ್ತು. ಹೊಟ್ಟೆ ಬಂದ ಮೇಲೆ ತೂಕಡಿಕೆಯೂ ಹೋಯಿತು. ಕೂತರೆ ಎದೆಯುರಿ. ಒರಗಿದರೆ ಮೀನಖಂಡ ಹಿಡಿದುಕೊಳ್ಳುವುದು. ಕಣ್ಣು ಮುಚ್ಚಿದೆನೋ ಕಿವಿ ತೆರೆದುಕೊಳ್ಳುವುದು. ನಮ್ಮ ಬಾಗಿಲಿಗೆ ಎದುರಾಗಿ ಗಣಿಗೆ ಇಳಿಯುವ ಶಾಫ್ಟಿನ ದೊಡ್ಡ ಚಕ್ರ. ಅದು ತಿರುಗಿದರೆ ಆಳುಗಳನ್ನು ಇಳಿಸಿ ಹತ್ತಿಸುವ ಕೇಜು ಓಡುತ್ತಿದೆ ಎಂದು ಲೆಕ್ಕ. ತುಸು ಹೊತ್ತು ನಿಂತಿತೋ, ನನ್ನ ಎದೆ ಡವಗುಟ್ಟುವುದು. ಆಗೀಗ ನೆಲದಾಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು. ಬ್ಲಾಸ್ಟು ಎನ್ನುತ್ತಿದ್ದೆವು. ಹಲಗೆಯ ಮೇಲಿನ ತಟ್ಟೆ ಲೋಟ ಗಲಗಲ ಎನ್ನುವುದು, ತಗಡಿನ ಸೂರು ನಡುಗುವುದು. ಹೊಟ್ಟೆಯೊಳಗಿನ ಮಗುವೂ ಬೆಚ್ಚಿ ಒದೆಯುವುದು. ಆಮೇಲೆ ಕೇಜು ಮೇಲೆ ಬರುವ ತನಕ ಲೈನಿಗೆ ಲೈನೇ ಉಸಿರು ಹಿಡಿದಿರುತ್ತಿತ್ತು.

ದಣಿವು ಎಂದರೆ ನನಗೆ ಗೊತ್ತಿತ್ತು ಎಂದುಕೊಂಡಿದ್ದೆ. ನಾಟಿ ಹಾಕಿ ಬೆಳೆದವಳು, ನೀರು ಹೊತ್ತವಳು. ಆ ದಣಿವು ಮಲಗಿದರೆ ಇಳಿಯುತ್ತದೆ. ಇದು ಬೇರೆ. ಸಾರಿಗೆ ಒಗ್ಗರಣೆ ಹಾಕುತ್ತಾ ನಿಂತಲ್ಲೇ, ಸಾಸಿವೆ ಸಿಡಿದು ಕರಕಾಗುವುದನ್ನು ನೋಡುತ್ತಲೇ ನಿಂತಿರುತ್ತಿದ್ದೆ. ಕೈ ಚಾಚಬೇಕೆಂದು ತಿಳಿಯುತ್ತಿತ್ತು, ಕೈ ಬರುತ್ತಿರಲಿಲ್ಲ. ಕನ್ನಿಯಕ್ಕ ಏನಾದರೂ ಕೇಳಿದರೆ ಉತ್ತರ ಬಾಯಿಗೆ ಬರುವಷ್ಟರಲ್ಲಿ ಪ್ರಶ್ನೆ ಮರೆತಿರುತ್ತಿದ್ದೆ.

ನಮ್ಮಮ್ಮ ಬಂದು ನೋಡಿ ಹೌಹಾರಿದಳು. "ಈ ಗುಡುಗೋ ನೆಲದ ಮೇಲೆ ಯಾವ ಬಸುರಿಗೆ ನಿದ್ದೆ ಬಂದೀತು? ನಾಕು ದಿನ ಕರ್ಕೊಂಡು ಓಗ್ತೀನಿ" ಎಂದು ರೈಲು ಹತ್ತಿಸಿದಳು. ಡಾಕ್ಟರು ಮುಂದಿನ ತಪಾಸಣೆಗೆ ತಪ್ಪದೆ ಬರಬೇಕೆಂದು ಹೇಳಿ ಒಪ್ಪಿದರು.

ತವರಿನಲ್ಲಿ ನೆಲ ಗುಡುಗಲಿಲ್ಲ. ಶಿಫ್ಟಿನ ಸೈರನ್ನು ಇಲ್ಲ, ಚಕ್ರ ಇಲ್ಲ. ಹುಣಸೆ ಮರದ ನೆರಳು, ರಾಗಿ ಬೀಸುವ ಸದ್ದು, ಅಷ್ಟೇ. ಅಲ್ಲಿ ನಿದ್ದೆ ಇನ್ನೂ ದೂರ ಹೋಯಿತು. ಲೈನಿನಲ್ಲಾದರೆ ಚಕ್ರ ಕಾಣುತ್ತಿತ್ತು. ಇಲ್ಲಿ ಏನೂ ಕಾಣದು. ಅವರು ಇಳಿದರೋ, ಹತ್ತಿದರೋ, ನೆಲ ನಡುಗಿತೋ ಇಲ್ಲವೋ? ಬಂಗಾರಪೇಟೆಯ ಕಡೆಯಿಂದ ರೈಲಿನ ಕೂಗು ಕೇಳಿದಾಗಲೆಲ್ಲ ಯಾರೋ ಸುದ್ದಿ ತರುತ್ತಿದ್ದಾರೆ ಎನಿಸಿ ಎದ್ದು ಕೂರುತ್ತಿದ್ದೆ.

ನಮ್ಮ ತಾತ ಹಗಲಿಡೀ ಜಗುಲಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನನಗೆ ಮಾತು ಕಲಿಸಿದವರು ಅವರೇ. ಶಾಲೆಯ ಮೇಷ್ಟರು ಬರೆಯುವುದನ್ನು ಮಾತ್ರ ಕಲಿಸಿದರು. ಒಂದು ಸಂಜೆ ತಾತ ಅಂದರು, "ನಿದ್ದೇನ ಅಟ್ಟಿಸ್ಕೊಂಡು ಓಗ್ಬಾರ್ದು ಮಗಾ. ಅದು ಮೇಯಕ್ಕೆ ಓದ ಕರ ಇದ್ದಂಗೆ. ನೀನು ಇಂದಿಂದೆ ಓಡುದ್ರೆ ಅದು ಮುಂದ್ಮುಂದೆ ಓಡ್ತದೆ. ಒಂದಿಡಿ ಉಲ್ಲು ಇಡ್ಕೊಂಡು ಅತ್ಲಾಗೆ ತಿರುಗಿ ಸುಮ್ಕೆ ಕುಂತ್ಕೊ. ತಾನಾಗೇ ಬಂದು ಮೂತಿ ತಗುಲಿಸ್ತದೆ."

"ಉಲ್ಲು ಯಾವುದು ತಾತ?"

"ಅದು ನನ್ಗೂ ಗೊತ್ತಿಲ್ಲ" ಎಂದರು ತಾತ.

ನಾನು ಹೋದ ಹಾಗೇ ವಾಪಸು ಬಂದೆ.

ಬಿ.ಪಿ. ಇನ್ನೊಂದಿಷ್ಟು ಏರಿತ್ತು. ಡಾಕ್ಟರು ನಿದ್ದೆಯ ಮಾತ್ರೆ ಕೊಡಬಹುದು ಎಂದರು, ಅದು ಮಗುವಿನ ಮೈಗೂ ಇಳಿಯುತ್ತದೆ ಎಂದೂ ಅಂದರು. "ಅದಕ್ಕೆ ಮುಂಚೆ ಇನ್ನೊಂದು ದಾರಿ ನೋಡೋಣ. ಮಧ್ಯಾಹ್ನ ವರಾಂಡದಲ್ಲಿ ಬಸುರಿಯರನ್ನೆಲ್ಲ ಸೇರಿಸಿ ರಿಲ್ಯಾಕ್ಸೇಶನ್ ಹೇಳಿಕೊಡ್ತೀನಿ, ನೀವೂ ಬನ್ನಿ. ಮೈ ಸಡಿಲ ಬಿಡೋದು, ಆಮೇಲೆ ನಮ್ಮನ್ನು ನಾವೇ ಮೆಲ್ಲಗೆ ನಿದ್ದೆಗೆ ಜಾರಿಸಿಕೊಳ್ಳೋದು. ಸೆಲ್ಫ್ ಹಿಪ್ನಾಸಿಸ್ ಅಂತಾರೆ."

ಅತ್ತೆಯ ಕಿವಿಗೆ ಆ ಮಾತಿನಲ್ಲಿ ಅರ್ಧ ಮಾತ್ರ ಬಿತ್ತು. ಆದರೆ ಆ ಅರ್ಧವೇ ಸಾಕಾಯಿತು. ರಾಬರ್ಟ್‌ಸನ್‌ಪೇಟೆಗೆ ಒಂದು ಸಲ ಜಾದೂಗಾರ ಬಂದಿದ್ದ. ಹಿಪ್ನಾಟಿಸಂ ಎಂದು ಹೇಳಿ ಮಾರ್ಕೆಟ್ಟಿನ ದಪ್ಪ ಮೀಸೆಯ ಗಂಡಸೊಬ್ಬನನ್ನು ಮಲಗಿಸಿ, ಹಸಿ ಈರುಳ್ಳಿ ಕೈಗಿಟ್ಟು, ಸೀಬೆಹಣ್ಣು ತಿನ್ನು ಎಂದಿದ್ದ. ಆತ ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದು, ಸಿಹಿಯಾಗಿದೆ ಎಂದಿದ್ದ.

"ಆವಮ್ಮ ಮಂಕುಬೂದಿ ಎರಚ್ತಾಳೆ" ಎಂದರು ಅತ್ತೆ ಹೊರಗೆ ಬಂದೊಡನೆ. "ನಿನ್ಗೆ ಈರುಳ್ಳಿ ತಿನ್ನುಸ್ತಾಳೆ."

"ತಿನ್ಲಿ ಬಿಡಮ್ಮಾ" ಎಂದಳು ಕನ್ನಿಯಕ್ಕ. "ಉಪ್ಪಿಲ್ದೆ ನಾಲಿಗೆ ಸತ್ತೋಗಿದೆ ಪಾಪ. ಈರುಳ್ಳಿಯಾದ್ರೂ ಸೇರ್ಲಿ."

ವರಾಂಡದ ಆ ಮಧ್ಯಾಹ್ನವನ್ನು ನಾನು ಮರೆಯುವಂತಿಲ್ಲ. ಚಾಪೆಯ ಮೇಲೆ ಸಾಲಾಗಿ ಬಸುರಿಯರು, ಎಲ್ಲರೂ ಗಣಿಯವರ ಹೆಂಡಂದಿರೇ. ಗೋಡೆಗುಂಟ ಅತ್ತೆಯರು, ಅಮ್ಮಂದಿರು, ಕಾವಲಿಗೆ ಕೂತವರಂತೆ. ಡಾಕ್ಟರು ನಡುವೆ ನಿಂತು ಮೆಲುದನಿಯಲ್ಲಿ ಹೇಳುತ್ತಾ ಹೋದರು. ಪಾದದ ಬೆರಳನ್ನು ಬಿಗಿ ಹಿಡಿಯಿರಿ, ಬಿಡಿ. ಮೀನಖಂಡ ಬಿಗಿಹಿಡಿಯಿರಿ, ಬಿಡಿ. ಮುಷ್ಟಿ, ಭುಜ, ದವಡೆ. ಉಸಿರು ಎಳೆಯುವುದಕ್ಕಿಂತ ಬಿಡುವುದು ನಿಧಾನವಾಗಲಿ. ನನ್ನ ದವಡೆ ಅಷ್ಟು ದಿನ ಕಚ್ಚಿಕೊಂಡೇ ಇತ್ತೆಂದು ಬಿಟ್ಟಾಗ ತಿಳಿಯಿತು. ಹಿತವಾಗಿತ್ತು.

ಆಮೇಲೆ ಡಾಕ್ಟರು ಹೇಳಿದರು: "ಈಗ ಒಂದು ಲಿಫ್ಟಿನಲ್ಲಿ ನಿಂತಿದ್ದೀರಿ. ಅದು ಮೆಲ್ಲಗೆ ಕೆಳಗೆ ಇಳೀತಾ ಇದೆ. ಕೆಳಗೆ... ಇನ್ನೂ ಕೆಳಗೆ... ಆಳಕ್ಕೆ..."

ನನ್ನ ಪಕ್ಕದಲ್ಲಿ ಯಾರೋ ಬಿಕ್ಕಿದರು.

ಸಾಲಿನ ಆ ತುದಿಯವಳು ಧಡಕ್ಕನೆ ಎದ್ದು ಕೂತಳು. ಇನ್ನೊಬ್ಬಳು, "ಬೇಡ, ಬೇಡ" ಎಂದಳು. ನನ್ನ ಕೈ ಎರಡೂ ಚಾಪೆಯನ್ನು ಹಿಡಿದುಕೊಂಡಿದ್ದವು. ಕಣ್ಣ ಮುಂದೆ ಕೇಜಿನ ಕಂಬಿ, ಕತ್ತಲು, ಅವರ ಟೋಪಿಯ ದೀಪ. ಗೋಡೆಗುಂಟ ಕೂತಿದ್ದ ಅತ್ತೆಯರೆಲ್ಲ ಒಟ್ಟಿಗೇ ಮಾತಾಡತೊಡಗಿದರು.

ಡಾಕ್ಟರು ಗಾಬರಿಯಾದರು. "ಏನಾಯಿತು? ಯಾಕೆ?"

ಕೊನೆಗೆ ನಮ್ಮ ಅತ್ತೆಯೇ ಎದ್ದು ನಿಂತರು. "ಕೆಳೀಕೆ ಬ್ಯಾಡ ಕಣಮ್ಮಾ. ಕೆಳಗೆ ಇವ್ರ ಗಂಡಂದ್ರವ್ರೆ."

ಡಾಕ್ಟರು ಚಾಪೆಯ ಅಂಚಿನಲ್ಲಿ ನಮ್ಮ ಜೊತೆಗೇ ಕೂತುಬಿಟ್ಟರು. "ಹೌದಲ್ಲ. ನಾನು ಕಲಿತ ಊರಿನಲ್ಲಿ ಗಣಿ ಇರಲಿಲ್ಲ. ಹಾಗಾದರೆ ಲಿಫ್ಟು ಬೇಡ. ನಿಮಗೆ ಎಲ್ಲಿ ಹೋದರೆ ಜೀವಕ್ಕೆ ತಂಪು ಅನಿಸುತ್ತೋ ಅಲ್ಲಿಗೆ ಹೋಗಿ. ಅದು ನೀವೇ ಹುಡುಕಿಕೊಳ್ಳಬೇಕು. ಮುಂದಿನ ಸಲ ಬಂದು ಹೇಳಿ, ನಾನೂ ಕಲೀತೀನಿ."

"ನಮ್ಮ ಉಡುಗಿ ಅಂಗೇ ನಿದ್ದೆ ಓಗಿ, ಮ್ಯಾಕೇಳ್ದಿದ್ರೆ?" ಎಂದರು ಅತ್ತೆ.

"ಏಳ್ತಾರೆ ತಾಯಿ. ಇದರಲ್ಲಿ ಬೇರೆ ಯಾರೂ ಮಲಗಿಸೋದಿಲ್ಲ, ತಾನೇ ಮಲಗೋದು. ಬೇಕಾದ ಸದ್ದಿಗೆ ಎಚ್ಚರ ಆಗುತ್ತೇನೆ ಅಂತ ಮೊದಲೇ ಮನಸ್ಸಿಗೆ ಹೇಳಿಕೊಂಡು ಮಲಗಬೇಕು. ಬಾಣಂತಿ ಗುಡುಗಿಗೆ ಏಳದಿದ್ದರೂ ಮಗು ಮಿಸುಕಿದರೆ ಏಳ್ತಾಳಲ್ಲ, ಹಾಗೆ."

ಅತ್ತೆ ಅದನ್ನು ಒಪ್ಪಿದರೋ ಬಿಟ್ಟರೋ, ಈರುಳ್ಳಿಯ ಮಾತು ಮತ್ತೆ ಎತ್ತಲಿಲ್ಲ.

ನಾನು ತಂಪಿನ ಜಾಗ ಹುಡುಕತೊಡಗಿದೆ. ತವರಿನ ಹುಣಸೆ ಮರದ ನೆರಳು ನೋಡಿದೆ. ಅಳದ ಮಗು ಅಲ್ಲೇ ಹತ್ತಿರ ಮಲಗಿತ್ತು. ಕೆರೆಯ ದಂಡೆ ನೋಡಿದೆ. ನೀರೂ ಕೆಳಗೇ ಎಳೆಯಿತು. ಮೈಯನ್ನು ಬಿಗಿ ಹಿಡಿದು ಬಿಡುವುದು ಬಂತು. ಆದರೆ ಅಲ್ಲಿಂದ ಮುಂದಕ್ಕೆ ಹೋಗಲು ದಾರಿ ಇರಲಿಲ್ಲ. ಹೊಸಿಲವರೆಗೆ ಬಂದು ನಿಂತವಳ ಪಾಡು.

ಒಂದು ಸಂಜೆ ಮನೆಯವರು ಹಗಲು ಶಿಫ್ಟು ಮುಗಿಸಿ, ಮಿಂದು, ಮುದ್ದೆ ಮುರಿಯುತ್ತಾ ಕೂತಿದ್ದರು. ಇದ್ದಕ್ಕಿದ್ದಂತೆ ಕೇಳಿದೆ.

"ಕೇಜಲ್ಲಿ ಮೇಲಕ್ಕೆ ಬರ್ತೀರಲ್ಲ, ಆವಾಗ ಹೆಂಗಿರ್ತದೆ?"

"ಎಂಗಿರ್ತದೆ? ಅಟ್ಟಿಗೆ ಬಂದಂಗಿರ್ತದೆ."

"ಅದಲ್ಲ. ಮೊದ್ಲು ಏನು ಗೊತ್ತಾಗ್ತದೆ? ಬೆಳಕಾ?"

ಅವರು ತುತ್ತು ಹಿಡಿದು ಯೋಚಿಸಿದರು. ಮದುವೆಯಾದಾಗಿನಿಂದ ಇಳಿಯುವುದರ ಬಗ್ಗೆ ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಹತ್ತುವುದರ ಬಗ್ಗೆಯೂ ಕೇಳಬಹುದೆಂದು ಹೊಳೆದಿರಲಿಲ್ಲ.

"ಬೆಳಕು ಕಡೇಗೆ ಕಣೇ. ಮೊದ್ಲು ಕಾಲಿಗೆ ಗೊತ್ತಾಗ್ತದೆ, ಕೇಜು ಎತ್ಕಣದು. ಆಮೇಲೆ ಒಂದೊಂದ್ ಲೆವೆಲ್ಲು ದಾಟ್ದಂಗೂ ಸೆಕೆ ಕಮ್ಮಿ. ಬೆನ್ನ ಮ್ಯಾಗಿನ ಬೆವ್ರು ಆರ್ತದೆ. ಕಿವಿ ಪಟ್ ಅಂತ ಬಿಟ್ಕಂತದೆ. ಆಮೇಲೆ ಕತ್ತಿಗೆ ತಣ್ಣನೆ ಗಾಳಿ. ಆಮೇಲೆ ವಡೆ ವಾಸ್ನೆ."

"ವಡೆ?"

"ಶಾಫ್ಟು ಬಾಯಿ ತಾವ ಕ್ಯಾಂಟೀನು ಐತಲ್ಲ. ವಡೆ ವಾಸ್ನೆ ಬಂದ್ರೆ ಎಲ್ರೂ ಮಾತಾಡಕ್ಕೆ ಸುರು ಮಾಡ್ತಾರೆ. ಅಲ್ಲೀಗಂಟ ಯಾರೂ ಮಾತಾಡಲ್ಲ."

ಅತ್ತೆ ಒಲೆಯ ಮುಂದಿನಿಂದ ತಿರುಗಿ ನೋಡಿದರು. "ನಿಮ್ಮಪ್ಪಾನೂ ಅಂಗೇ ಅಂತಿದ್ರು" ಎಂದರು. ನಮ್ಮ ಮಾವನೂ ಅದೇ ಗಣಿಯಲ್ಲಿದ್ದವರು. ನಾನು ಬರುವ ಮುಂಚೆಯೇ ಒಂದು ಬ್ಲಾಸ್ಟಿನಲ್ಲಿ ಹೋಗಿದ್ದರು. ಆ ಮನೆಯಲ್ಲಿ ಅವರ ಮಾತು ಬರುತ್ತಿದ್ದುದೇ ಅಪರೂಪ.

ಆ ರಾತ್ರಿ ಮಲಗಿದಾಗ ನನ್ನ ಮೈಯೇ ಶಾಫ್ಟಾಯಿತು. ಎಲ್ಲಕ್ಕಿಂತ ಕೆಳಗೆ ಪಾದ. ಪಾದವನ್ನು ಬಿಗಿ ಹಿಡಿದು ಬಿಟ್ಟೆ, ಕೇಜು ಎತ್ತಿಕೊಂಡಿತು. ಮೀನಖಂಡದ ಲೆವೆಲ್ಲು ದಾಟಿತು. ಮೊಣಕಾಲು. ತೊಡೆ. ಒಂದೊಂದು ಕಡೆ ಬಿಟ್ಟಾಗಲೂ ಸೆಕೆ ಕಡಿಮೆಯಾಯಿತು ಎಂದುಕೊಂಡೆ. ಹೊಟ್ಟೆಯ ಹತ್ತಿರ ಸ್ವಲ್ಪ ನಿಲ್ಲಿಸಿ ಮಗುವನ್ನು ಹತ್ತಿಸಿಕೊಂಡೆ. ಬೆನ್ನು, ಭುಜ. ಕತ್ತಿಗೆ ತಣ್ಣನೆ ಗಾಳಿ ಬಂತು, ಬಂದ ಹಾಗಾಯಿತು. ಮನಸ್ಸಿನಲ್ಲಿ ಹೇಳಿಕೊಂಡೆ: ಎಲ್ಲರೂ ಮೇಲಕ್ಕೆ ಬರುತ್ತಿದ್ದೇವೆ. ಬೇಕಾದ ಸದ್ದಿಗೆ ಏಳುತ್ತೇನೆ.

ವಡೆಯ ವಾಸನೆಯವರೆಗೆ ನೆನಪಿದೆ. ಬೆಳಕಿನವರೆಗೆ ನಾನು ಆವತ್ತೂ ತಲುಪಲಿಲ್ಲ, ಆಮೇಲೂ ಒಂದು ದಿನ ತಲುಪಲಿಲ್ಲ.

ಡಾಕ್ಟರಿಗೆ ಹೇಳಿದಾಗ ಅವರು ಕೆಲಸ ಬಿಟ್ಟು ಕೇಳಿದರು. ವಡೆಯ ಹತ್ತಿರ ಬಂದಾಗ ಜೋರಾಗಿ ನಕ್ಕರು. "ಕೆಳಗೋ ಮೇಲೋ ಮುಖ್ಯ ಅಲ್ಲಮ್ಮ. ನಂಬಿಕೆ ಬರಬೇಕು ಅಷ್ಟೇ" ಎಂದು ತೋಳಿಗೆ ಪಟ್ಟಿ ಸುತ್ತಿದರು. ನಗು ನಿಂತಿತು. "ಏರಿಲ್ಲ. ಆದರೆ ಇಳಿದೂ ಇಲ್ಲ. ಮಲಗೋದು ಹೇಗೆ ಮಲಗ್ತೀರಿ?"

"ಅವರು ಮನೇಲಿದ್ದಾಗ ಚೆನ್ನಾಗಿ ಮಲಗ್ತೀನಿ."

"ಇಲ್ಲದಾಗ?"

"ಕೂತೇ..."

ಅದು ನಿಜ. ಕಲಿತ ವಿದ್ಯೆ ಅವರು ಮನೆಯಲ್ಲಿದ್ದಾಗ ಮಾತ್ರ ಫಲಿಸುತ್ತಿತ್ತು. ಅವರು ಒಳಗಿದ್ದಾಗ ಕಾಲು ಮಡಿಸಿಯೇ ಕೂರುತ್ತಿದ್ದೆ, ಕೇಜು ಮೊಣಕಾಲಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಡಾಕ್ಟರು ನನ್ನ ಪಾದಗಳನ್ನು ನೋಡಿದರು. ಚಪ್ಪಲಿ ಹಿಡಿಸುತ್ತಿರಲಿಲ್ಲ.

"ಈ ವಾರ ಇಳಿಯದಿದ್ದರೆ ಇಲ್ಲೇ ಇಟ್ಟುಕೊಳ್ತೀನಿ. ತಾಯಿ, ನಿಮಗೂ ಹೇಳ್ತಾ ಇದ್ದೀನಿ. ಇವರು ಎಡಮಗ್ಗುಲಿಗೆ, ಕಾಲು ನೀಡಿ ಮಲಗಬೇಕು. ಹಗಲೂ ಮಲಗಬೇಕು. ನನಗೆ ಮಗು ಬೇಕು, ತಾಯಿಯೂ ಬೇಕು."

ಅತ್ತೆ ಎಲೆ ಅಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ತೋಳು ಹಿಡಿದು ಎಬ್ಬಿಸಿದರು.

ಆವತ್ತೂ ಮನೆಯವರದು ಹಗಲು ಶಿಫ್ಟು. ನಾವು ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು. ಗಾಳಿಗೆ, ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಲೈನಿನ ಮೇಲೆಲ್ಲ ಹಾರುತ್ತಿತ್ತು. ಅತ್ತೆ ಬಾಗಿಲು ಅರೆಮುಚ್ಚಿ, ಚಾಪೆ ಹಾಸಿದರು. ತಮ್ಮ ಹಳೆಯ ಸೀರೆಯನ್ನು ಸುರುಳಿ ಸುತ್ತಿ ಮೊಣಕಾಲ ನಡುವೆ ಇಡಲೆಂದು ಪಕ್ಕಕ್ಕಿಟ್ಟರು.

"ಮನಿಕ್ಕೊ."

"ಅತ್ತೆ, ಅವರು ಒಳಗವ್ರೆ."

"ಗೊತ್ತು. ಅವ್ನನ್ನ ಎತ್ತ ತಾಯಿ ನಾನು." ಅವರು ಚಾಪೆಯ ಪಕ್ಕ ಕೂತು ತಮ್ಮ ಎರಡು ಕಾಲನ್ನೂ ಮಡಿಸಿ, ಸೀರೆಯ ಅಂಚನ್ನು ಪಾದದ ಕೆಳಗೆ ಸಿಕ್ಕಿಸಿಕೊಂಡರು. "ನಾನ್ ಮಡಿಸ್ಕೊಂಡ್ ಕುಂತಿರ್ತೀನಿ. ನೀನು ನೀಡ್ಕೊ. ಮನೇಗೆ ಒಂದ್ ಜೊತೆ ಕಾಲು ಮಡ್ಸಿದ್ರೆ ಸಾಕು."

"ನಿಮ್ಮ ಮಂಡಿ ನೋವು..."

"ಬಾಯ್ ಮುಚ್ಕೊಂಡು ಮನಿಕ್ಕೊ ಅಮ್ಮಣ್ಣಿ. ಇಲ್ಲದಿದ್ರೆ ಆ ಡಾಕ್ಟರಮ್ಮ ನನ್ಗೇ ಈರುಳ್ಳಿ ತಿನ್ನುಸ್ತಾಳೆ."

ನಾನು ಕಾಲು ಚಾಚಿದೆ. ಚಾಚಿದ ಗಳಿಗೆಯಲ್ಲಿ ಎದೆ ಝಲ್ಲೆಂದಿತು, ಮಾಡಬಾರದ್ದನ್ನು ಮಾಡಿದ ಹಾಗೆ. ಅತ್ತೆ ನನ್ನ ಪಾದದ ಮೇಲೆ ಕೈಯಿಟ್ಟರು. ಅಂಗೈ ಒರಟು, ಬೆಚ್ಚಗೆ. ಪಾದ ಬಿಗಿಯಾಯಿತು, ಸಡಿಲವಾಯಿತು. ಕೇಜು ಎತ್ತಿಕೊಂಡಿತು. ಮೊಣಕಾಲಲ್ಲಿ ಸಿಕ್ಕಿಕೊಳ್ಳಲಿಲ್ಲ.

ಎಚ್ಚರವಾದಾಗ ಬಿಸಿಲು ಬಾಗಿಲಿಂದ ಗೋಡೆಗೆ ಏರಿತ್ತು. ಅತ್ತೆ ಕೂತಲ್ಲೇ ಕೂತಿದ್ದರು. ಆದರೆ ಅವರ ಮಡಿಲಲ್ಲಿ ಹಿತ್ತಾಳೆ ಚೆಂಬು ಇತ್ತು. ನೆಲದ ಮೇಲೆ ತಟ್ಟೆ ಲೋಟಗಳು ಚೆಲ್ಲಾಡಿದ್ದವು. ಹಲಗೆ ಬರಿದಾಗಿತ್ತು. ಬಾಗಿಲಲ್ಲಿ ಕನ್ನಿಯಕ್ಕ ನಿಂತಿದ್ದಳು, ತುಟಿಯ ಮೇಲೆ ಬೆರಳು.

ಬ್ಲಾಸ್ಟು ಆಗಿತ್ತು. ನಾನು ಮಲಗಿದ್ದೆ.

ಎದ್ದು ಕೂರಲು ಹೋದರೆ ಅತ್ತೆಯ ಕೈ ನನ್ನ ಕಾಲನ್ನು ಒತ್ತಿ ಹಿಡಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಕೆಮ್ಮಿದ ಸದ್ದು. ತಿರುಗಿದರೆ ಮನೆಯವರು ಮೂಲೆಯಲ್ಲಿ ಕೂತು, ಮೈಮೇಲಿನ ಮಣ್ಣನ್ನೂ ತೊಳೆಯದೆ, ತಟ್ಟೆಯ ಸದ್ದಾಗದಂತೆ ಉಣ್ಣುತ್ತಿದ್ದರು.

"ನೋಡ್ದಾ?" ಎಂದರು ಅತ್ತೆ. "ನೀನು ಮನಗಿದ್ದೆ. ಅವನು ಬಂದ. ಎಲ್ರೂ ಬಂದವ್ರೆ, ಯಾರ್ಗೂ ಏನೂ ಆಗಿಲ್ಲ."

ಆಮೇಲೆ ಕನ್ನಿಯಕ್ಕ ಹೇಳಿದಳು. ನೆಲ ನಡುಗಿದಾಗ ಲೈನಿನವರೆಲ್ಲ ಶಾಫ್ಟಿನ ಕಡೆ ಓಡಿದರಂತೆ. ಅತ್ತೆಯನ್ನು ಕರೆದಳಂತೆ. ಮೇಲಿಂದ ಉರುಳಿದ ಚೆಂಬನ್ನು ನನ್ನ ಮೇಲೆ ಬೀಳದಂತೆ ಹಿಡಿದುಕೊಂಡು ಅತ್ತೆ, "ನೀನ್ ಓಗು, ನಾನ್ ಬಂದ್ರೆ ಇವ್ಳು ಎದ್ಬುಡ್ತಾಳೆ" ಎಂದರಂತೆ. ಹೆತ್ತ ಮಗ ಒಳಗಿದ್ದಾನೆ. ಆದರೂ ಏಳಲಿಲ್ಲ.

ನಾನು ಅಳುತ್ತಿದ್ದೆ. "ಇನ್ನು ಮೇಲೆ ಮಲಗಲ್ಲ ಅತ್ತೆ."

ಅತ್ತೆ ಚೆಂಬನ್ನು ಕೆಳಗಿಟ್ಟರು. ಮಡಿಸಿದ ಕಾಲು ಮರಗಟ್ಟಿರಬೇಕು, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಿಸಿಕೊಂಡರು.

"ನಿಮ್ಮಾವ ಓದ ದಿನ ನಾನ್ ಮನಗಿರ್ಲಿಲ್ಲ ಕಣಮ್ಮಣ್ಣಿ" ಎಂದರು. "ಇಲ್ಲೇ. ಇಂಗೇ. ಕಾಲ್ ಮಡಿಸ್ಕೊಂಡು ಕುಂತೇ ಇದ್ದೆ."

ಮನೆಯವರು ತುತ್ತು ತಟ್ಟೆಯಲ್ಲೇ ಬಿಟ್ಟರು. ಅವರಿಗೂ ಈ ಮಾತು ಹೊಸದು. ಇಷ್ಟು ವರ್ಷ ಆಕೆ ಆ ಕಟ್ಟಳೆಯನ್ನು ನಡೆಸಿಕೊಂಡು ಬಂದದ್ದು ಅದು ಕಾಯುತ್ತದೆ ಎಂಬ ನಂಬಿಕೆಯಿಂದ ಎಂದು ನಾನು ತಿಳಿದಿದ್ದೆ. ಕಾಯಲಿಲ್ಲವೆಂದು ಗೊತ್ತಿದ್ದೂ ನಡೆಸಿದ್ದರು. ಬಿಟ್ಟರೆ ಇನ್ನೇನು ಹಿಡಿದುಕೊಳ್ಳಬೇಕೆಂದು ತಿಳಿಯದೆ ನಡೆಸಿದ್ದರು.

ಅಂದಿನಿಂದ ನಾನು ಕಾಲು ಚಾಚಿ ಮಲಗಿದೆ. ಪ್ರತಿ ದಿನವೂ ನಿದ್ದೆ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ವಡೆಯ ವಾಸನೆಯವರೆಗೆ ಹೋಗಿ ಮತ್ತೆ ಪಾದಕ್ಕೇ ವಾಪಸು ಬಂದು, ಎರಡನೆಯ ಸಲ, ಮೂರನೆಯ ಸಲ ಕೇಜು ಎತ್ತಿದ್ದುಂಟು. ಎತ್ತಿ ಎತ್ತಿ ಬೇಸತ್ತು ಅತ್ತದ್ದೂ ಉಂಟು. ಆದರೆ ಮೈ ಮಲಗಿತ್ತು. ನಿದ್ದೆ ಬಾರದಿದ್ದರೂ ಮೈ ಮಲಗಿತ್ತು. ತಾತ ಹೇಳಿದ ಹುಲ್ಲು ಇದೇ ಇರಬೇಕು ಎಂದುಕೊಂಡೆ. ಬಿ.ಪಿ. ಸ್ವಲ್ಪ ಇಳಿಯಿತು. ನಿದ್ದೆಯಿಂದಲೋ, ಉಪ್ಪು ಬಿಟ್ಟದ್ದರಿಂದಲೋ, ಕಾಲು ನೀಡಿದ್ದರಿಂದಲೋ ಎಂದು ಕೇಳಿದೆ. "ಯಾವುದನ್ನೂ ಬಿಡಬೇಡಿ" ಎಂದಷ್ಟೇ ಡಾಕ್ಟರು ಹೇಳಿದರು. ಕೊನೆಗೆ ಹೆರಿಗೆಗೆ ಮುಂಚೆ ಕೆಲವು ದಿನ ವಾರ್ಡಿನಲ್ಲಿ ಇಟ್ಟುಕೊಂಡೇ ಇಟ್ಟುಕೊಂಡರು. ಅಲ್ಲಿ ಪಕ್ಕದ ಹಾಸಿಗೆಯವಳಿಗೆ ನಾನು ಕೇಜು ಎತ್ತುವುದನ್ನು ಹೇಳಿಕೊಟ್ಟೆ. ಅವಳ ಗಂಡ ಗಣಿಯವನಲ್ಲ, ಕ್ಯಾಸಂಬಳ್ಳಿಯ ಕಡೆ ಹಾಲು ಮಾರುವವನು. ಕೇಜಿನ ಬದಲು ಅವಳು ಮನಸ್ಸಿನಲ್ಲೇ ಹಾಲು ಉಕ್ಕದಂತೆ ಮೆಲ್ಲಗೆ ಕಾಯಿಸಿಕೊಂಡಳು. ಅವಳಿಗೂ ನಿದ್ದೆ ಬಂತು.

ನೋವು ಬಂದಾಗ ಕೇಜು, ಲೆವೆಲ್ಲು ಎಲ್ಲ ಮರೆತುಹೋಯಿತು. ಉಸಿರು ನಿಧಾನ ಬಿಡುವುದೊಂದು ಮಾತ್ರ ನೆನಪಿತ್ತು. ಹೊರಗೆ ಅತ್ತೆ, ಅಮ್ಮ, ಕನ್ನಿಯಕ್ಕ ಕಾಯುತ್ತಿದ್ದರು.

ಮಗು ಅತ್ತಿತು.

ಹೆಣ್ಣು. ಇವತ್ತು ಅವಳಿಗೆ ಹಲ್ಲು ಬರುತ್ತಿದೆ. ನನ್ನ ಕಾಲಿನ ಊತ ಪೂರ್ತಿ ಇಳಿಯಲು ಬಹಳ ದಿನ ಹಿಡಿಯಿತು. ಡಾಕ್ಟರು ಮುಂದಿನ ಸಲಕ್ಕೆ ಮೊದಲ ತಿಂಗಳಿಂದಲೇ ಬರಬೇಕೆಂದು ಹೇಳಿದ್ದಾರೆ. ಮುಂದಿನ ಸಲದ ಮಾತು ಸದ್ಯಕ್ಕೆ ಬೇಡ ಎಂದು ನಾನು ಹೇಳಿದ್ದೇನೆ. ನೆಲ ಈಗಲೂ ನಡುಗುತ್ತದೆ. ಆಗ ಈಗಲೂ ನನ್ನ ಕೈ ಚಾಪೆಯನ್ನು ಹಿಡಿಯುತ್ತದೆ. ಆಮೇಲೆ ಬಿಡುತ್ತದೆ.

ಹೋದ ವಾರ ನಡೆದದ್ದನ್ನು ಹೇಳಿ ನಿಲ್ಲಿಸುತ್ತೇನೆ. ಮನೆಯವರದು ಹಗಲು ಶಿಫ್ಟು. ನಾನು ನಲ್ಲಿಯ ಹತ್ತಿರ ಬಟ್ಟೆ ಒಗೆದು ಬಂದರೆ, ಬಾಗಿಲ ದಾರಿಯಲ್ಲೇ ಚಾಪೆ ಹಾಸಿಕೊಂಡು ಅತ್ತೆ ಮಲಗಿದ್ದಾರೆ. ಎದೆಯ ಪಕ್ಕದಲ್ಲಿ ಮಗು. ಇಬ್ಬರದೂ ಬಾಯಿ ತೆರೆದಿದೆ. ಅತ್ತೆಯ ಎರಡು ಕಾಲೂ ನೀಳವಾಗಿ ಹೊಸಿಲಿನವರೆಗೆ ಚಾಚಿವೆ. ಎದುರಿಗೆ ಚಕ್ರ ತಿರುಗುತ್ತಿತ್ತು. ನಾನು ಬಟ್ಟೆಯ ಬಕೆಟ್ಟನ್ನು ಸದ್ದಾಗದಂತೆ ಇಳಿಸಿ ಹೊರಗೇ ಕೂತೆ.

ಸೈರನ್ನು ಕೂಗಿತು. ಅತ್ತೆ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮನೆಯವರು ಬಂದರು. ಕೈಯಲ್ಲಿ ಕಾಗದದ ಪೊಟ್ಟಣ, ವಡೆಯ ಎಣ್ಣೆ ಇಂಗಿತ್ತು. ಬಾಗಿಲಲ್ಲಿ ನಿಂತು ಅಮ್ಮನ ಕಾಲುಗಳನ್ನು ನೋಡಿದರು. ನನ್ನನ್ನು ನೋಡಿದರು. ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು, ಮನೆಯನ್ನು ಸುತ್ತಿ, ಹಿತ್ತಲ ಬಾಗಿಲಿನಿಂದ ಒಳಗೆ ಹೋದರು.